ಆಶ್ಲೇಷ ಮಳೆಯಲ್ಲಿ ಮೂರು ದಿನ: ಸಾಗರ, ತುಮರಿ, ಚಂದ್ರಗುತ್ತಿ

ಮೊದಲ ದಿನ: ಶಿವಮೊಗ್ಗದಿಂದ ಸಾಗರದ ಕಡೆಗೆ

ರಾತ್ರಿ ರೈಲು ಶಿವಮೊಗ್ಗ ಮುಟ್ಟಿದಾಗ ಇನ್ನೂ ಬೆಳಕು ಹರಿದಿರಲಿಲ್ಲ. 2025ರ ಆಗಸ್ಟ್ ಎರಡನೇ ವಾರ. "ಆಶ್ಲೇಷ ಮಳೆ ಈಸಲಾರದ ಹೊಳೆ" ಅಂತ ನಮ್ಮಜ್ಜಿ ಹೇಳುತ್ತಿದ್ದಳು. ಈ ವಾರವೇ ರಜೆ ಸಿಕ್ಕಿದ್ದರಿಂದ ಬೇರೆ ದಾರಿ ಇರಲಿಲ್ಲ.

ಸ್ಟೇಷನ್ ಹೊರಗೆ ತಂಗಿ ನಿಂತಿದ್ದಳು. ಚಿಕ್ಕಮ್ಮನ ಮಗಳು, ನರ್ಸ್. ತನ್ನಣ್ಣನ ಹಳೇ ಕಾರು ಕೇಳಿ ತಂದಿದ್ದಳು. ಪೋರ್ಟಿಕೋದಲ್ಲಿ ಇಬ್ಬರು ಮಂಗಳಮುಖಿಯರು ಮಳೆ ನಿಲ್ಲಲಿ ಅಂತ ಕಾಯುತ್ತಿದ್ದರು. ನಾನು ಅಭ್ಯಾಸಬಲದಿಂದ ಪರ್ಸಿಗೆ ಕೈ ಹಾಕಿ ಹತ್ತು ರೂಪಾಯಿ ಹುಡುಕಿದೆ. ಕೊಟ್ಟು, ಮುಖ ನೋಡದೇ ಮುಂದೆ ಹೋಗುವುದು ನನ್ನ ಪದ್ಧತಿ. ತಂಗಿ ಅಷ್ಟರಲ್ಲಿ ಅವರ ಹತ್ತಿರ ಹೋಗಿ "ಟೀ ಆಯ್ತಾ?" ಅಂತ ಕೇಳಿದ್ದಳು. ನಾಲ್ಕು ಟೀ ಬಂತು. ನನ್ನ ನೋಟು ಕೈಯಲ್ಲೇ ಉಳಿಯಿತು.

ಅವಳು ಹೀಗಾಗಿದ್ದು ಕಾಕುಮಾದಿಂದ ಬಂದ ಮೇಲೆ. ಕೀನ್ಯಾದ ವಾಯವ್ಯ ಮೂಲೆಯಲ್ಲಿ, ತುರ್ಕಾನಾ ಅನ್ನೋ ಒಣ ಸೀಮೆಯಲ್ಲಿ ಇರುವ ನಿರಾಶ್ರಿತರ ಕ್ಯಾಂಪ್ ಅದು. 1992ರಲ್ಲಿ ಸುಡಾನ್ ಯುದ್ಧದಿಂದ ಓಡಿ ಬಂದವರಿಗೆ ಅಂತ ಶುರುವಾಗಿದ್ದು, ಈಗ ಎರಡು ಲಕ್ಷಕ್ಕೂ ಜಾಸ್ತಿ ಜನರ ಊರು. ಅಲ್ಲಿನ ಒಂದು ಕ್ಲಿನಿಕ್‌ನಲ್ಲಿ ಇವಳು ಹದಿನಾಲ್ಕು ತಿಂಗಳು ಕೆಲಸ ಮಾಡಿದಳು. ಆ ವರ್ಷ ಅಮೆರಿಕ ನೆರವಿನ ದುಡ್ಡು ನಿಲ್ಲಿಸಿತಲ್ಲ, ಕ್ಲಿನಿಕ್‌ನ ಅರ್ಧ ಜನರ ಜೊತೆ ಇವಳ ಕೆಲಸವೂ ಹೋಯಿತು. ಬಂದು ಮೂರು ತಿಂಗಳಾದರೂ ಮನೆಯಲ್ಲಿ ಯಾರ ಹತ್ತಿರವೂ ಸರಿಯಾಗಿ ಮಾತಾಡಿಲ್ಲ ಅಂತ ಚಿಕ್ಕಮ್ಮ ಫೋನ್ ಮಾಡಿದ್ದಕ್ಕೇ ಈ ತಿರುಗಾಟ. ಅವಳಿಗೆ ಇದನ್ನು ಹೇಳಿರಲಿಲ್ಲ. ಅವಳಿಗೆ ಗೊತ್ತಿತ್ತು.

ಆಯನೂರು, ಕುಂಸಿ ದಾಟಿ ಚೋರಡಿ ಹತ್ತಿರ ವೈಪರ್ ಕೈ ಕೊಟ್ಟಿತು. ಒಂದು ಸಲ ಅರ್ಧಕ್ಕೆ ಹೋಗಿ, ನಡುಗಿ, ನಿಂತೇಬಿಟ್ಟಿತು. ಮಳೆಗಾಲದಲ್ಲಿ ಈ ದಾರಿಗೆ ಬರುವವರು ವೈಪರನ್ನು ಶಿವಮೊಗ್ಗದಲ್ಲೇ ನೋಡಿಸಿಕೊಂಡು ಬನ್ನಿ. ರಸ್ತೆ ಬದಿಯ ಚಿಕ್ಕ ಹೋಟೆಲಿನ ಮುಂದೆ ನಿಲ್ಲಿಸಿದೆವು. ಹೋಟೆಲಿನವರು ತಮ್ಮ ಕವಳದ ಸಂಚಿಯಿಂದ ಒಂದು ತುಂಡು ಹೊಗೆಸೊಪ್ಪು ತೆಗೆದು, ನೆನೆಸಿ, ಗಾಜಿಗೆ ಉಜ್ಜಿದರು. "ನೀರು ನಿಲ್ಲೂದಿಲ್ಲ, ಜಾರ್ತದೆ. ಆದ್ರೂ ಜೋರು ಮಳೆ ಕಮ್ಮಿ ಆದ್ಮೇಲೇ ಹೊರಡಿ" ಅಂದರು. ಹಾಗೆ ಒಂದೂವರೆ ಗಂಟೆ ಕೂತೆವು. ಬಿಸಿ ಬಿಸಿ ಮೆಣಸಿನಕಾಯಿ ಬೋಂಡ, ಎದುರಿಗೆ ಕೆಂಪಗೆ ಹರಿಯುವ ಕುಮುದ್ವತಿ.

ತಂಗಿ ಹೊಳೆ ನೋಡುತ್ತ ತಾನಾಗಿಯೇ ಶುರು ಮಾಡಿದಳು. "ಅಲ್ಲೂ ಒಂದು ಹೊಳೆ ಇದೆ ಅಕ್ಕ, ತರಾಚ್ ಅಂತ. ವರ್ಷದಲ್ಲಿ ಹೆಚ್ಚು ದಿನ ಬರೀ ಮರಳು. ಮೇಲೆಲ್ಲೋ ಮಳೆ ಬಿದ್ದರೆ ಒಂದೇ ಸಲ ನೀರು ನುಗ್ಗಿ ಮಣ್ಣಿನ ಗೋಡೆ ಕರಗಿಸಿಕೊಂಡು ಹೋಗ್ತದೆ. ಗಿಡ ಅಂದ್ರೆ ಹೆಚ್ಚಿನ ಕಡೆ ನಮ್ಮ ಬಳ್ಳಾರಿ ಜಾಲಿ. ಮೊದಲ ದಿನ ಅದನ್ನು ನೋಡಿ ಊರಿನವರು ಸಿಕ್ಕಿದ ಹಾಗಾಯ್ತು."

ಆಮೇಲೆ ಒಬ್ಬ ಹೆಂಗಸಿನ ವಿಷಯ ಹೇಳಿದಳು. ನಾನು ಅವಳನ್ನು ಟೈಲರ್ ಅಂತಲೇ ಕರೆಯುತ್ತೇನೆ. ಕ್ಯಾಂಪಿನಲ್ಲಿ ಹೊಲಿಗೆ ಮಾಡಿ ನಾಲ್ಕು ಕಾಸು ನೋಡುತ್ತಿದ್ದವಳು. ಉಗಾಂಡದವಳು. ಗಂಡಾಗಿ ಹುಟ್ಟಿದ್ದಾಳೆ ಅಂತ ಕಾಗದ ಹೇಳುತ್ತದೆ, ಹದಿನೆಂಟರಿಂದ ಹೆಣ್ಣಾಗಿಯೇ ಬದುಕಿದ್ದಾಳೆ. 2023ರ ಮೇನಲ್ಲಿ ಅಲ್ಲಿನ ಅಧ್ಯಕ್ಷರು ಹೊಸ ಕಾನೂನಿಗೆ ಸಹಿ ಹಾಕಿದರು. ಸಲಿಂಗ ಸಂಬಂಧಕ್ಕೆ ಜೀವಾವಧಿ, ಕೆಲವಕ್ಕೆ ಮರಣದಂಡನೆ. ಟ್ರಾನ್ಸ್ ಹೆಂಗಸು ಬೇರೆ, ಅದು ಬೇರೆ ಅಂತ ಪೊಲೀಸರಿಗೆ ಯಾರು ತಿಳಿಸಿ ಹೇಳುತ್ತಾರೆ? ಬಾಡಿಗೆ ಮನೆಯವನೇ ಹೊರಗೆ ಹಾಕಿದ. ಇಂಥದ್ದಕ್ಕೆ ಅಂತ ಗೊತ್ತಿದ್ದೂ ಮನೆ ಬಿಟ್ಟುಕೊಡುವುದೂ ಆಗ ಆ ಕಾನೂನಿನಲ್ಲಿ ಅಪರಾಧವೇ ಆಗಿತ್ತು. ಬಸ್ಸಿನಲ್ಲಿ ಗಡಿ ದಾಟಿ ಕೀನ್ಯಾಕ್ಕೆ ಬಂದಳು.

"ಕೀನ್ಯಾದಲ್ಲಿ ಪರವಾಗಿಲ್ವಾ?"

"ಅಲ್ಲೂ ಬ್ರಿಟಿಷರ ಕಾಲದ ಕಾನೂನಿದೆ, ಹದಿನಾಲ್ಕು ವರ್ಷ ಜೈಲು. ನಮ್ಮ ಐಪಿಸಿ 377ನೇ ಸೆಕ್ಷನ್ನಿನ ಅಣ್ಣತಮ್ಮ. ನಮ್ಮಲ್ಲಿ 2018ರಲ್ಲಿ ಸುಪ್ರೀಂ ಕೋರ್ಟು ಅದರ ಹಲ್ಲು ಕಿತ್ತಿತು. ಅಲ್ಲಿ 2019ರಲ್ಲಿ ಹೈಕೋರ್ಟು ಇರಲಿ ಬಿಡಿ ಅಂತು. ಆದ್ರೂ ಆ ಕಡೆ ಇಂಥವರನ್ನು ನಿರಾಶ್ರಿತರು ಅಂತ ಒಳಗೆ ಬಿಟ್ಟುಕೊಂಡ ದೇಶ ಅದೇ."

ಟೈಲರ್ ಮೊದಲ ಸಲ ಕ್ಲಿನಿಕ್‌ಗೆ ಬಂದಾಗ ತಂಗಿ ಕಾರ್ಡಿನಲ್ಲಿದ್ದ ಹೆಸರು ಕೂಗಿದಳಂತೆ. ಗಂಡಸಿನ ಹೆಸರು. ಲಂಗ ಹಾಕಿದ ಎತ್ತರದ ಹೆಂಗಸು ಎದ್ದು ನಿಂತಾಗ ಬೆಂಚಿನ ಮೇಲಿದ್ದ ನಲವತ್ತು ಜನ ತಿರುಗಿ ನೋಡಿದರು. ಯಾರೋ ನಕ್ಕರು. ಒಬ್ಬಳು ಮಗುವನ್ನು ಎಳೆದುಕೊಂಡು ಬೇರೆ ಬೆಂಚಿಗೆ ಹೋದಳು. ಅವತ್ತು ಸಂಜೆ ನೀರಿನ ನಲ್ಲಿ ಹತ್ತಿರ ಟೈಲರ್‌ಗೆ ಕಲ್ಲು ಬಿತ್ತು.

"ನಾನು ಕೂಗಿದ್ದಕ್ಕೇ ಬಿತ್ತು ಅಂತ ಹೇಳಲ್ಲ. ಮೊದಲೂ ಬೀಳ್ತಿತ್ತು. ಆದ್ರೆ ಮಾರನೇ ದಿನದಿಂದ ನಾನು ಎಲ್ಲರಿಗೂ ಟೋಕನ್ ನಂಬರ್ ಕೂಗೋಕೆ ಶುರು ಮಾಡಿದೆ. ಅದೊಂದೇ ನನ್ನ ಕೈಲಾಗಿದ್ದು, ಹದಿನಾಲ್ಕು ತಿಂಗಳಲ್ಲಿ."

ಅದು ಕಡಿಮೆ ಏನಲ್ಲ ಅಂತ ನಾನು ಹೇಳಲು ಹೋದೆ. ಅವಳು ಬೋಂಡದ ಎಣ್ಣೆ ಕಾಗದಕ್ಕೆ ಒರೆಸಿ "ಮಳೆ ಕಮ್ಮಿ ಆಯ್ತು, ಏಳು" ಅಂದಳು.

ಇಕ್ಕೇರಿ ಕಡೆಯ ದೊಡ್ಡಮ್ಮನ ಮನೆ ಮುಟ್ಟುವಾಗ ಮಧ್ಯಾಹ್ನ ಎರಡು. ಕರೆಂಟು ಹೋಗಿ ಎರಡು ದಿನವಾಗಿತ್ತು. ಆದರೆ ಒಲೆಗೆ ಕರೆಂಟು ಬೇಕಾ? ಬಿಸಿ ಕಡುಬು, ಕಳಲೆ ಹುಳಿ, ಕೆಸುವಿನ ಕರಕಲಿ, ಅಪ್ಪೆಮಿಡಿ. ಕಳಲೆಯನ್ನು ಮೂರು ದಿನ ನೀರು ಬದಲಿಸುತ್ತ ನೆನೆಹಾಕಿ ಮಾಡಿದ್ದು ಅಂತ ದೊಡ್ಡಮ್ಮ ಎರಡು ಸಲ ಹೇಳಿದರು, ನಾವು ನಾಲ್ಕು ಸಲ ಹೊಗಳಿದೆವು. ತೋಟಕ್ಕೆ ಕೊಳೆರೋಗ ಬಂದಿದೆ, ಬೋರ್ಡೋ ಹೊಡೆಯಲು ಮಳೆ ಬಿಡುತ್ತಿಲ್ಲ ಅನ್ನೋ ಸಂಕಟದ ನಡುವೆಯೂ ತಂಗಿಯ ಕೆಲಸದ ಬಗ್ಗೆ ಕೇಳುವುದನ್ನು ಬಿಡಲಿಲ್ಲ.

"ಕ್ಯಾಂಪ್ ಅಂದ್ರೆ ಎಂತದೇ? ಸಕ್ರೆಬೈಲಲ್ಲಿ ಆನೆ ಇಟ್ಟಿದ್ದಾರಲ್ಲ, ಹಾಗಾ?"

ತಂಗಿ ಜೋರಾಗಿ ನಕ್ಕಳು. ಮೂರು ತಿಂಗಳಲ್ಲಿ ಮೊದಲ ಸಲ ಇರಬೇಕು. "ಹೆಚ್ಚು ಕಡಿಮೆ ಹಾಗೇ ದೊಡ್ಡಮ್ಮ. ಹೊರಗೆ ಹೋಗಬೇಕಂದ್ರೆ ಪಾಸ್ ಬೇಕು. ಊಟ ಅವರು ಕೊಟ್ಟಷ್ಟು. ಆನೆಗೆ ಮಾತ್ರ ರೇಷನ್ ಕಡಿಮೆ ಮಾಡಲ್ಲ, ಇವರಿಗೆ ಈ ವರ್ಷ ಮಾಡಿದ್ರು."

"ವಾಪಸ್ ಮನೆಗೆ ಹೋದ್ರೆ ಆಗೂದಿಲ್ವನೇ ಅವಕ್ಕೆ?"

ಟೈಲರ್ ವಿಷಯ ಮತ್ತೆ ಹೇಳಿದಳು. ಮನೆಯವರು ಹಳ್ಳಿಯಲ್ಲಿ ಅವಳ ತಿಥಿಯನ್ನೇ ಮಾಡಿ ಮುಗಿಸಿದ್ದಾರೆ ಅಂದಳು. ದೊಡ್ಡಮ್ಮ ಏನೂ ಅನ್ನಲಿಲ್ಲ. ಎದ್ದು ಹೋಗಿ ತುಪ್ಪದ ಗಿಂಡಿ ತಂದು, ಬೇಡ ಬೇಡ ಅಂದರೂ ತಂಗಿಯ ಕಡುಬಿನ ಮೇಲೆ ಸುರಿದರು.

ಎರಡನೇ ದಿನ: ಹಿನ್ನೀರು

ಬೆಳಿಗ್ಗೆ ಸಾಗರದಲ್ಲಿ ವೈಪರ್ ಮೋಟರ್ ಹಾಕಿಸಿಕೊಂಡು ಅಂಬಾರಗೋಡ್ಲಿಗೆ ಹೊರಟೆವು. ಶರಾವತಿ ಹಿನ್ನೀರಿನ ಮೇಲಿನ ಹೊಸ ಸೇತುವೆ ನೋಡಬೇಕಿತ್ತು. ಜುಲೈ 14ಕ್ಕೆ ಉದ್ಘಾಟನೆಯಾಗಿ ಇನ್ನೂ ತಿಂಗಳಾಗಿರಲಿಲ್ಲ. ಇಷ್ಟು ವರ್ಷ ಸಿಗಂದೂರಿಗೆ, ತುಮರಿಗೆ ಹೋಗುವವರು ಲಾಂಚ್ ಕಾಯಬೇಕಿತ್ತು. ಸಂಜೆ ಕೊನೆಯ ಲಾಂಚ್ ತಪ್ಪಿದರೆ ಬಸುರಿಯಾದರೂ ಸರಿ, ಹಾವು ಕಚ್ಚಿದವರಾದರೂ ಸರಿ, ಸುತ್ತು ದಾರಿಯೇ ಗತಿ. ಈಗ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಮೇಲೆ ಐದು ನಿಮಿಷ. ಜನ ಮಾತ್ರ ದಾಟುವುದಕ್ಕಿಂತ ಫೋಟೋ ತೆಗೆಯುವುದರಲ್ಲೇ ಮುಳುಗಿದ್ದರು. ಗಾಳಿಗೆ ನನ್ನ ಕೊಡೆ ಉಲ್ಟಾ ಆಗಿ, ಎರಡು ಕಡ್ಡಿ ಮುರಿಯಿತು. ಅಲ್ಲಿಗೆ ಕೊಡೆ ಪ್ರಯೋಜನವಿಲ್ಲ, ರೈನ್‌ಕೋಟೇ ಬೇಕು.

ಕಳಸವಳ್ಳಿ ಬದಿಯಲ್ಲಿ ಒಬ್ಬ ಮುದುಕರು ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ನೀರನ್ನೇ ನೋಡುತ್ತ ನಿಂತಿದ್ದರು. ಮೊಮ್ಮಗ ಬೈಕಿನ ಮೇಲೆ ಕೂತು ಫೋನ್ ಒತ್ತುತ್ತಿದ್ದ. ನಾನು ಸುಮ್ನೆ "ನೀವು ಇಲ್ಲಿಯವರಾ?" ಅಂತ ಕೇಳಿದೆ.

"ಇಲ್ಲಿಯವನೇ. ಈಗ ಅಲ್ಲ" ಅಂದರು. ಕೈ ಎತ್ತಿ ನೀರಿನ ನಡುವೆ ತೋರಿಸಿದರು. "ಅಗಾ, ಆ ಬೋಳು ಗುಡ್ಡ ಕಾಣ್ತದಲ್ಲ, ಅದರ ಬುಡದಲ್ಲಿ ನಮ್ಮ ಮನೆ."

ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ಇವರಿಗೆ ಒಂಬತ್ತು ವರ್ಷ. ಲಾರಿಯಲ್ಲಿ ಪಾತ್ರೆ, ದನ, ಮನುಷ್ಯರು ಎಲ್ಲ ಒಟ್ಟಿಗೆ ತುಂಬಿಕೊಂಡು ಶಿವಮೊಗ್ಗ ಕಡೆಯ ಕಾಡಿನಲ್ಲಿ ಇಳಿಸಿದರಂತೆ. ಮೊದಲ ಮಳೆಗಾಲ ಸೋಗೆ ಗುಡಿಸಲಿನಲ್ಲಿ. ಜ್ವರ ಬಂದು ಅವರ ತಂಗಿ ಒಬ್ಬಳು ತೀರಿಹೋದಳು. ಆ ನೆಲಕ್ಕೆ ಇವತ್ತಿಗೂ ಹಕ್ಕುಪತ್ರ ಇಲ್ಲ, ಅರಣ್ಯ ಅಂತಾರೆ ಅಂತ ಮೊಮ್ಮಗ ಫೋನಿನಿಂದ ಕಣ್ಣು ತೆಗೆಯದೇ ಹೇಳಿದ. ನಾಡಿಗೆಲ್ಲ ಬೆಳಕು ಕೊಟ್ಟವರು ಅಂತ ಪ್ರತೀ ಎಲೆಕ್ಷನ್ನಿಗೂ ಭಾಷಣ ಕೇಳುತ್ತೇವೆ ಅಂದ.

ನನಗೆ ಮನಸ್ಸು ಕರಗಿತು. ಊರು ಕಳೆದುಕೊಂಡವರೆಲ್ಲ ಹೊಸ ಜಾಗದಲ್ಲಿ ಒಬ್ಬರಿಗೊಬ್ಬರು ಆಗಿ ಬಂದಿರಬೇಕು ಅಲ್ವಾ ಅಂದೆ. ಪೇಟೆಯವರು ಕೇಳುವ ಪ್ರಶ್ನೆ.

ಮುದುಕರು ನನ್ನ ಮುಖ ನೋಡಿದರು. "ಎಂತ ಮಾರಾಯ್ರೆ. ಲಾರಿ ಇಳಿದ ವಾರಕ್ಕೇ ಬಾವಿ ಬೇರೆ ಆಯ್ತು. ಅವರ ಬಾವಿ ಮೇಲೆ, ನಮ್ಮದು ಕೆಳಗೆ. ಮುಳುಗಿದ ಊರಲ್ಲಿ ಯಾರು ಯಾರ ಜಗುಲಿ ಹತ್ತಬಾರದು ಅಂತಿತ್ತೋ, ಅದನ್ನು ಮಾತ್ರ ಯಾರೂ ಲಾರಿಗೆ ಹಾಕೋಕೆ ಮರೀಲಿಲ್ಲ."

ತಂಗಿ ಅವರ ಪಕ್ಕಕ್ಕೆ ಹೋಗಿ ನಿಂತಳು. ಅಲ್ಲಿಂದ ಅರ್ಧ ಗಂಟೆ ಅವರಿಬ್ಬರದೇ ಮಾತು, ನಾನು ಮುರಿದ ಕೊಡೆ ಹಿಡಿದುಕೊಂಡು ಕೇಳುವವಳು. ಕಾಕುಮಾದಲ್ಲಿ ದಕ್ಷಿಣ ಸುಡಾನ್‌ನವರು, ಸೊಮಾಲಿಯಾದವರು, ಕಾಂಗೋದವರು, ಇಥಿಯೋಪಿಯಾದವರು, ಬುರುಂಡಿಯವರು ಇದ್ದಾರೆ. ಎಲ್ಲರೂ ಗುಂಡಿನ ಸದ್ದಿಗೆ ಓಡಿ ಬಂದವರು. ಮಕ್ಕಳನ್ನು ಕಳೆದುಕೊಂಡವರು. ಅವರಲ್ಲೇ ಕೆಲವರು ಟ್ರಾನ್ಸ್ ಹೆಂಗಸು ನಲ್ಲಿಗೆ ಬಂದರೆ ಕೊಡಪಾನ ಒದೆಯುತ್ತಾರೆ. ಇವಳು ಮುಟ್ಟಿದ ನಲ್ಲಿ ಅಂತಾರೆ. ಎಲ್ಲರಿಗೂ ಸೇರಿದ ಕಕ್ಕಸಿಗೆ ರಾತ್ರಿ ಹೋಗುವ ಧೈರ್ಯ ಇಲ್ಲ, ಸಂಜೆ ಆದ ಮೇಲೆ ನೀರನ್ನೇ ಕುಡಿಯುವುದಿಲ್ಲ. ನಲವತ್ತು ಡಿಗ್ರಿ ಬಿಸಿಲಿನ ಊರಿನಲ್ಲಿ. ಇವಳ ಕ್ಲಿನಿಕ್‌ಗೆ ಅವರು ಬರುತ್ತಿದ್ದುದು ಹೆಚ್ಚಾಗಿ ಉರಿಮೂತ್ರಕ್ಕೆ.

ಜೊತೆಗಿದ್ದರೆ ಸುರಕ್ಷಿತ ಅಂತ ಇಂಥವರು ಒಂದೇ ಕಡೆ, ಬ್ಲಾಕ್ 13 ಅನ್ನೋ ಜಾಗದಲ್ಲಿ ಗುಂಪಾಗಿದ್ದರು. ಹುಡುಕುವವರಿಗೂ ಅದು ಸುಲಭವಾಯಿತು. 2021ರ ಮಾರ್ಚ್‌ನಲ್ಲಿ ಮಲಗಿದ್ದವರ ಮೇಲೆ ಪೆಟ್ರೋಲ್ ಬಾಂಬ್ ಎಸೆದರು. ಸುಟ್ಟ ಗಾಯದಿಂದ ಒಬ್ಬರು ಏಪ್ರಿಲ್‌ನಲ್ಲಿ ತೀರಿಕೊಂಡರು. ತಂಗಿ ಅಲ್ಲಿಗೆ ಹೋಗುವ ಮೊದಲಿನ ಮಾತು ಇದು. ಆದರೆ ಅವಳು ಹೋದಾಗಲೂ ಆ ಜನ ಸರದಿ ಮೇಲೆ ನಿದ್ದೆ ಮಾಡುತ್ತಿದ್ದರು. ಇಬ್ಬರು ಮಲಗಿದರೆ ಒಬ್ಬರು ಕಾವಲು.

"ಬೇರೆ ದೇಶಕ್ಕೆ ಕಳಿಸ್ತಾರೆ ಅಂತ ಕಾಯ್ತಾರೆ. ವರ್ಷಗಟ್ಟಲೆ ಸಂದರ್ಶನ. ಟೈಲರ್‌ಗೆ ಅಮೆರಿಕಕ್ಕೆ ಅಂತ ಎಲ್ಲ ಮುಗಿದಿತ್ತು, ವಿಮಾನ ಒಂದೇ ಬಾಕಿ. ಈ ಜನವರಿ 20ಕ್ಕೆ ಅಲ್ಲಿ ಹೊಸ ಅಧ್ಯಕ್ಷರು ಬಂದು ನಿರಾಶ್ರಿತರನ್ನು ತಗೊಳ್ಳೋದನ್ನೇ ನಿಲ್ಲಿಸಿಬಿಟ್ರು."

"ಹಾಗಾದ್ರೆ ನಮ್ಮ ಫೈಲಿನ ಹಾಗೇ" ಅಂದ ಮೊಮ್ಮಗ. ಫೋನು ಜೇಬಿಗೆ ಹೋಗಿತ್ತು.

ಕಾರಿಗೆ ಹತ್ತಿದ ಮೇಲೆ ನಾನೂ ಅದೇ ಮಾತು ಹೇಳಿದೆ, ಎರಡೂ ಒಂದೇ ಥರ ಅಲ್ವಾ ಅಂತ. ತಂಗಿ ಗದರಿದಳು. "ಒಂದೇ ಥರ ಅಲ್ಲ ಅಕ್ಕ. ಅಜ್ಜನಿಗೆ ಮೊಮ್ಮಗ ಇದ್ದಾನೆ. ವೋಟಿದೆ. ಯಾರೂ ಅವರ ಮನೆಗೆ ಬೆಂಕಿ ಹಾಕಲ್ಲ. ಬಾವಿ ವಿಷಯ ಮಾತ್ರ ಒಂದೇ." ಬಾಯಿ ಮುಚ್ಚಿಕೊಂಡೆ.

ತುಮರಿಯಲ್ಲಿ ಊಟ. ಹಿನ್ನೀರಿನ ಮೀನು, ಬಾಳೆಎಲೆ ತುಂಬ ಅನ್ನ. ತಂಗಿ ಎರಡು ಮೀನು ತಿಂದಳು, ದೊಡ್ಡಮ್ಮನಿಗೆ ಹೇಳಬಾರದು ಅಂತ ಆಣೆ ಹಾಕಿಸಿಕೊಂಡಳು. (ದೊಡ್ಡಮ್ಮ ಇಂಥದ್ದನ್ನೆಲ್ಲ ಓದುವುದಿಲ್ಲ.) ಕೈ ತೊಳೆಯಲು ಹಿತ್ತಲಿಗೆ ಹೋದವಳ ಕಾಲಿಗೆ ಮೂರು ಉಂಬಳ. ಉಪ್ಪು ಹಾಕಿ ಬಿಡಿಸಿದರೂ ರಕ್ತ ಸಂಜೆವರೆಗೆ ನಿಲ್ಲಲಿಲ್ಲ.

ರಾತ್ರಿ ಹತ್ತಕ್ಕೆ ತಂಗಿಯ ಫೋನ್ ಮಿನುಗಿತು. ಅಲ್ಲಿ ಆಗ ಏಳೂವರೆ. ಟೈಲರ್ ಧ್ವನಿ ಸಂದೇಶ. ತಂಗಿ ಕಿವಿಗೆ ಒತ್ತಿಕೊಂಡು ಕೇಳಿದಳು, ನನಗೆ ಕೇಳಿಸಲಿಲ್ಲ. ಉತ್ತರವಾಗಿ ಫೋನನ್ನು ಜಗುಲಿ ಅಂಚಿಗೆ ಹಿಡಿದು ಹೆಂಚಿನ ಮೇಲಿನ ಮಳೆ ಸದ್ದು ಒಂದು ನಿಮಿಷ ತುಂಬಿ ಕಳಿಸಿದಳು. ಸ್ವಲ್ಪ ಹೊತ್ತಿಗೆ ತಿರುಗಿ ಬಂತು: ಇಷ್ಟು ನೀರಿಗೆ ಅಲ್ಲಿ ಎಷ್ಟು ಹೊತ್ತು ಕ್ಯೂ ನಿಲ್ಲಬೇಕು ಅಂತ ಕೇಳಿದ್ದಳು. ತಮಾಷೆಗೇ ಇರಬೇಕು.

ಮೂರನೇ ದಿನ: ಚಂದ್ರಗುತ್ತಿ

ಸೊರಬ ಕಡೆ ಹೋಗುತ್ತ ಹೋಗುತ್ತ ತೋಟ ಕಡಿಮೆಯಾಗಿ ಗದ್ದೆ, ಜೋಳ ಜಾಸ್ತಿಯಾಗುತ್ತದೆ. ಮಳೆಯೂ ಸ್ವಲ್ಪ ಮೆತ್ತಗಾಯಿತು. ದೂರದಿಂದಲೇ ಚಂದ್ರಗುತ್ತಿಯ ಕಲ್ಲುಗುಡ್ಡ, ಅದರ ಮೇಲೆ ಹಳೇ ಕೋಟೆ, ಸುತ್ತ ಮೋಡ. ಗುಡ್ಡದ ಬದಿಯ ಗುಹೆಯಲ್ಲಿ ರೇಣುಕಾಂಬೆ. ಈ ಕಡೆಯವರ ಬಾಯಲ್ಲಿ ಗುತ್ಯಮ್ಮ. 1986ರ ಜಾತ್ರೆಯ ಗಲಾಟೆ, ಆಮೇಲೆ ಬೆತ್ತಲೆ ಸೇವೆ ನಿಷೇಧವಾದದ್ದು ನಮ್ಮ ತಲೆಮಾರಿನವರಿಗೆ ನೆನಪಿರುತ್ತದೆ. ಜಾತ್ರೆ ಮಾರ್ಚ್‌ನಲ್ಲಿ. ಮಳೆಗಾಲದ ವಾರದ ನಡುವೆ ಹೋದರೆ ಗುಡಿ ನಿಮ್ಮದೇ, ಆದರೆ ಮೆಟ್ಟಿಲು ಪಾಚಿ. ರಬ್ಬರ್ ಅಡಿಯ ಚಪ್ಪಲಿಯನ್ನೂ ನಂಬಬೇಡಿ.

ನಾನು ನಂಬಿದ್ದೆ. ಹತ್ತಿಪ್ಪತ್ತು ಮೆಟ್ಟಿಲಿಗೆ ಜಾರಿ, ಮೊಣಕಾಲು ತರಚಿ, ಚಪ್ಪಲಿ ಉಂಗುಷ್ಠ ಕಿತ್ತುಹೋಯಿತು. "ಅಲ್ಲೇ ಕುಂದ್ರವ್ವಾ, ಏಳಬ್ಯಾಡ" ಅಂತ ದಪ್ಪ ದನಿ ಕೇಳಿತು. ಕೆಳಗಿನ ಟೀ ಅಂಗಡಿ ತಗಡಿನಡಿ ಕೂತಿದ್ದ ಜೋಗಮ್ಮ. ಐವತ್ತರ ಮೇಲಿನ ವಯಸ್ಸು, ಹಸಿರು ಸೀರೆ, ಹಣೆ ತುಂಬ ಭಂಡಾರ, ಕೊರಳಲ್ಲಿ ಮುತ್ತಿನ ಸರ, ಪಕ್ಕದಲ್ಲಿ ಪಡ್ಡಲಗಿ, ಅಂದರೆ ದೇವಿಯ ಬುಟ್ಟಿ. ನನ್ನ ಗಾಯಕ್ಕೆ ಅದೇ ಭಂಡಾರ ಒತ್ತಿದರು. ಚಪ್ಪಲಿಯನ್ನು ಸೆಣಬಿನ ದಾರದಲ್ಲಿ ಬಿಗಿದು ಕೊಟ್ಟರು.

ತಂಗಿ ಟೀ ಹೇಳಿದಳು. ಜೋಗಮ್ಮ ಹಾವೇರಿ ಕಡೆಯವರು. ಹದಿನೈದಕ್ಕೆ ಮನೆಯವರೇ ಅಮ್ಮನ ಹೆಸರಲ್ಲಿ ಮುತ್ತು ಕಟ್ಟಿಸಿದರು. ಅಲ್ಲಿಯವರೆಗೆ ಸೀರೆ ಉಟ್ಟಿದ್ದಕ್ಕೆ ಹೊಡೆಯುತ್ತಿದ್ದ ಅಣ್ಣ, ಮಾರನೇ ದಿನ ಕಾಲಿಗೆ ಬಿದ್ದ. "ಆದ್ರ ಮನಿಯೊಳಗ ಇಟ್ಕೊಳ್ಲಿಲ್ಲ." ಶಿವಮೊಗ್ಗದಲ್ಲಿ ಒಂದು ರೂಮಿಗೆ ಎಲ್ಲರಿಗಿಂತ ದುಪ್ಪಟ್ಟು ಬಾಡಿಗೆ ಕೊಟ್ಟು ಎಂಟು ವರ್ಷ ಇದ್ದರು. ಅದನ್ನೂ ಬಿಡಿಸಿದರು. ಈಗ ಡಿಸಿ ಸಹಿ ಇರುವ ಗುರುತಿನ ಚೀಟಿ ಸಿಕ್ಕಿದೆ, ಮಂಗಳಮುಖಿಯರಿಗೆ ಸರ್ಕಾರ ಕೊಡುವ ಮೈತ್ರಿ ಪಿಂಚಣಿ ಬರುತ್ತದೆ. ಚೀಟಿಯನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ತೋರಿಸಿದರು. ಹೆಸರಿನ ಮೇಲೆ ಬೆರಳಿಟ್ಟು "ನಾ ಇಟ್ಕೊಂಡಿದ್ದ ಹೆಸರs ಹಾಕ್ಯಾರ ನೋಡು" ಅಂದರು. 2021ರಲ್ಲಿ ಮಂಜಮ್ಮ ಜೋಗತಿಯವರು ಪದ್ಮಶ್ರೀ ತಗೊಳ್ಳುವಾಗ ರಾಷ್ಟ್ರಪತಿಗೆ ಸೆರಗಿನಿಂದ ದೃಷ್ಟಿ ತೆಗೆದರಲ್ಲ, ಆ ವಿಡಿಯೋ ಅವರ ಫೋನಿನಲ್ಲಿತ್ತು. ನಮಗೂ ಹಾಕಿ ತೋರಿಸಿದರು, ಎರಡು ಸಲ.

ಕಾಕುಮಾ ವಿಷಯ ಬಂತು. ಹೇಗೆ ಬಂತೋ ನೆನಪಿಲ್ಲ. ಅವರ ಪ್ರಶ್ನೆಗಳು ನಮ್ಮ ಯಾರ ಪ್ರಶ್ನೆಯ ಹಾಗೂ ಇರಲಿಲ್ಲ.

"ಗುರು ಅದಾರೇನು ಅವರಿಗೆ?"

"ಹಾಗೆ ಇಲ್ಲಮ್ಮಾ. ದೊಡ್ಡವರು ಒಬ್ಬಿಬ್ಬರು ಇರ್ತಾರೆ, ಸಣ್ಣವರನ್ನ ನೋಡ್ಕೋತಾರೆ."

"ಅಮ್ಮ ಯಾರು ಅವರಿಗೆ? ದೇವ್ರು?"

"ಚರ್ಚಿಗೆ ಹೋಗ್ತಿದ್ರು. ಒಳಗೆ ಬಿಡಲ್ಲ. ಒಬ್ಬರ ಮನೆಯಲ್ಲೇ ಸೇರಿ ಪ್ರಾರ್ಥನೆ ಮಾಡ್ತಾರೆ, ಸಣ್ಣ ದನಿಯಲ್ಲಿ."

"ಸತ್ತರ ಯಾರು ಎತ್ತತಾರ?"

"ಅವರವರೇ ದುಡ್ಡು ಸೇರಿಸ್ತಾರೆ."

ಜೋಗಮ್ಮ ತಲೆಯಾಡಿಸಿದರು. ಗೊತ್ತಿರುವ ಲೆಕ್ಕ ಸರಿಯಾಗಿದೆ ಅನ್ನುವ ಹಾಗೆ. "ನಮಗ ಅಮ್ಮ ಅದಾಳ ಅಂತ ಜನ ಸ್ವಲ್ಪ ಅಂಜ್ತಾರ ತಂಗಿ. ಅಂಜಿಕಿ ಇರೂತನ ಕಲ್ಲು ಬೀಳಂಗಿಲ್ಲ. ಬಸ್ಸಿನ್ಯಾಗ ಬಾಜೂಕ ಕುಂದ್ರಂಗಿಲ್ಲ, ಅದು ಬ್ಯಾರೆ." ಟೀ ಲೋಟ ಕೆಳಗಿಟ್ಟರು. "ಆ ಹೊಲಿಗಿ ಹುಡುಗಿ ಹೆಸರೇನು?"

ತಂಗಿ ಸುಮ್ಮನಾದಳು. ಮೂರು ದಿನದಲ್ಲಿ ನನಗೂ ಹೇಳಿರಲಿಲ್ಲ. ಅಲ್ಲಿ ಅದು ಅಭ್ಯಾಸವಂತೆ, ಒಬ್ಬರ ಹೆಸರು ಇನ್ನೊಬ್ಬರ ಮುಂದೆ ಹೇಳಬಾರದು, ಯಾರ ಕಿವಿ ಎಲ್ಲಿರುತ್ತದೋ.

"ಕಾರ್ಡಿನ್ಯಾಗ ಇರೂದು ಬ್ಯಾಡ" ಅಂದರು ಜೋಗಮ್ಮ. "ಆಕಿ ಇಟ್ಕೊಂಡಿದ್ದು."

ತಂಗಿ ಬಗ್ಗಿ ಅವರ ಕಿವಿಯಲ್ಲಿ ಹೇಳಿದಳು. ಜೋಗಮ್ಮ ಬಾಯಲ್ಲಿ ಆಡಿಸಿ ನೋಡಿದರು. ಮೊದಲನೇ ಸಲ ಅದು ನಮ್ಮ ಕಡೆಯ ಯಾವುದೋ ಹೆಸರಾಯಿತು. ತಂಗಿ ಮತ್ತೆ ಹೇಳಿದಳು. ಎರಡನೇ ಸಲ ನಡುವಿನ ಒಂದು ಅಕ್ಷರ ಜಾರಿತು. ಮೂರನೇ ಸಲಕ್ಕೆ ತಂಗಿ "ಹ್ಞೂಂ, ಅದೇ" ಅಂದಳು.

ಜೋಗಮ್ಮ ಪಡ್ಡಲಗಿ ಎತ್ತಿಕೊಂಡು, ಬರಿಗಾಲಲ್ಲಿ ಆ ಪಾಚಿ ಮೆಟ್ಟಿಲನ್ನು ಸರಸರ ಹತ್ತಿದರು. ನಾವು ಕೈಹಿಡಿ ಹಿಡಿದುಕೊಂಡು ಹಿಂದೆ. ಗುಹೆಯ ಬಾಯಿಗೆ ನಾವು ಮುಟ್ಟುವಷ್ಟರಲ್ಲಿ ಒಳಗಿನಿಂದ "ಉಧೋ ಉಧೋ" ಕೇಳಿತು. ಆಮೇಲೆ ಆ ಹೆಸರು. ನಾಲ್ಕೈದು ಜನ ಭಕ್ತರು ಇದ್ದರು, ಯಾರೂ ತಿರುಗಿ ನೋಡಲಿಲ್ಲ.

ವಾಪಸ್ ಹೊರಟಾಗ ಭಂಡಾರದ ಪೊಟ್ಟಣ ಒಂದನ್ನು ತಂಗಿಯ ಕೈಗಿಟ್ಟರು, ಆ ಹುಡುಗಿಗೆ ಕಳಿಸು ಅಂತ. ಪಾರ್ಸೆಲ್ಲು ಅಲ್ಲಿಗೆ ಹೋಗುತ್ತದಾ ಅಂತ ನಾನು ಕೇಳಿದೆ. ತಂಗಿ ಉತ್ತರ ಕೊಡಲಿಲ್ಲ, ಪೊಟ್ಟಣವನ್ನು ಸ್ಟೇರಿಂಗ್ ಎದುರು ಇಟ್ಟಳು. ಸೊರಬ ಮುಟ್ಟುವ ಮೊದಲೇ ಅದು ಒದ್ದೆಯಾಗಿ ಹರಿದು, ಅವಳಣ್ಣನ ಕಾರಿನ ಡ್ಯಾಶ್‌ಬೋರ್ಡ್ ಪೂರ್ತಿ ಅರಿಶಿನವಾಯಿತು. ಒರೆಸಲು ನಾನು ಕರ್ಚೀಫ್ ತೆಗೆದೆ.

"ಇರಲಿ ಬಿಡು ಅಕ್ಕ" ಅಂದಳು. "ವೈಪರ್ ಹಾಕ್ತೀನಿ, ಮುಂದೆ ಮಳೆ ಬರ್ತಿದೆ."